ಮೊಳೆ ನಿಲ್ಲದ ಗೋಡೆ

ಚಿಕ್ಕ ಮನೆಗಳಿರುವ ಹಳೇ ವಸತಿ ಕಟ್ಟಡಗಳನ್ನು ಹೊಸದು ಮಾಡುವುದು ನನ್ನ ಕೆಲಸ. ನಾನು ಮೊದಲ ಸಲ ಕೈಹಾಕಿದ ಮರುನಿರ್ಮಾಣದಲ್ಲಿ ಹಸಿರು ಕಟ್ಟಡ ಅನ್ನಿಸಿಕೊಳ್ಳಲು ಬೇಕಾದದ್ದೆಲ್ಲ ಇತ್ತು. ಕೊಳಚೆ ನೀರು ಶುದ್ಧಿ ಮಾಡುವ ಘಟಕ, ತಾರಸಿ ಮೇಲೆ ತೋಟ, ಮೆಟ್ಟಿಲಿಗೆ ಸೆನ್ಸರ್ ದೀಪ. ಎರಡು ವರ್ಷ ಬಿಟ್ಟು ಸುಮ್ನೆ ನೋಡಿ ಬರೋಣ ಅಂತ ಹೋದೆ. ಘಟಕಕ್ಕೆ ಬೀಗ ಬಿದ್ದಿತ್ತು. ಅದಕ್ಕೆ ಗಾಳಿ ಊದುವ ಬ್ಲೋವರ್ ಓಡುತ್ತಲೇ ಇರಬೇಕು. ಅದರ ಕರೆಂಟ್ ಬಿಲ್ಲು ಎಲ್ಲ ಮನೆಗಳಿಗೂ ಹಂಚಿಕೆ. ಕೆಲವರಿಗೆ ಕೊಡಲು ಆಗಲಿಲ್ಲ. ಬ್ಲೋವರ್ ನಿಂತಿತು, ನೀರು ಶುದ್ಧಿ ಮಾಡುವ ಸೂಕ್ಷ್ಮಜೀವಿಗಳು ಸತ್ತವು, ನಾತ ಶುರುವಾಯಿತು, ಬೀಗ ಬಿತ್ತು. ತೋಟದಲ್ಲಿ ಒಣ ಮಣ್ಣು ಮಾತ್ರ ಉಳಿದಿತ್ತು. ತಪ್ಪು ಅಲ್ಲಿನವರದಲ್ಲ. ತಿಂಗಳ ಖರ್ಚನ್ನು ಅವರ ತಲೆಗೆ ಕಟ್ಟಿ, ಹೆಸರು ಮಾತ್ರ ನಾವು ತೆಗೆದುಕೊಂಡು ಬಂದಿದ್ದೆವು.

ಮುಂದಿನ ಕೆಲಸಕ್ಕೆ ಇಳಿದಾಗ ಪಟ್ಟಿಯಲ್ಲಿದ್ದ ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ ಕೇಳಿದೆ. ನಾವು ಹೋದ ಮೇಲೆ ಇದನ್ನು ಯಾರು ನೋಡಿಕೊಳ್ಳುತ್ತಾರೆ, ಯಾವ ದುಡ್ಡಲ್ಲಿ? ಮೋಟಾರು, ಫಿಲ್ಟರು, ಸೆನ್ಸರ್ ಇರುವುದೆಲ್ಲ ಕೆಳಗೆ ಇಳಿಯಿತು. ನೆರಳು, ಗಾಳಿ, ಬಿಳಿ ಬಣ್ಣ ಮೇಲೆ ಬಂದವು.

ಆದರೆ ಅದಕ್ಕೂ ಮೊದಲು ಕೆಡವುವ ವಿಷಯ. ಹಳೇ ಕಟ್ಟಡ ಅಂದರೆ ಎಲ್ಲ ಕೆಡವಿಯೇ ಬಿಡಬೇಕು ಅಂತ ಎಲ್ಲರ ತಲೆಯಲ್ಲೂ ಕೂತಿರುತ್ತದೆ. ಜಗತ್ತಿನ ಕಾರ್ಬನ್ ಡೈಆಕ್ಸೈಡ್ ಹೊರಸೂಸುವಿಕೆಯಲ್ಲಿ ಸುಮಾರು ಶೇ. 8ರಷ್ಟು ಸಿಮೆಂಟ್ ತಯಾರಿಕೆಯಿಂದಲೇ ಬರುತ್ತದೆ. ಸುಣ್ಣದ ಕಲ್ಲನ್ನು ಸುಡುವಾಗ ಅದರೊಳಗಿನ ಅನಿಲವೂ ಹೊರಬರುವುದರಿಂದ, ಬರೀ ಇಂಧನ ಬದಲಿಸಿದರೆ ಅದು ನಿಲ್ಲುವುದಿಲ್ಲ. ಹಾಗಾಗಿ ಗಟ್ಟಿ ಇರುವುದನ್ನು ಉಳಿಸಿಕೊಳ್ಳುವುದೇ ದೊಡ್ಡ ಉಳಿತಾಯ. ಕಾಂಕ್ರೀಟನ್ನು ಕೊರೆದು ಪರೀಕ್ಷೆಗೆ ತುಂಡು (ಕೋರ್) ತೆಗೆಸಿ, ಕಂಬಿ ಎಷ್ಟು ತುಕ್ಕು ಹಿಡಿದಿದೆ ಅಂತ ಪರೀಕ್ಷೆ ಮಾಡಿಸಿದೆವು. ಒಂದು ಬ್ಲಾಕಿನ ಅಸ್ಥಿಪಂಜರ ಚೆನ್ನಾಗಿಯೇ ಇತ್ತು. ಅದನ್ನು ಉಳಿಸಿ, ಪೈಪು, ವೈರಿಂಗು, ಕಿಟಕಿ ಮಾತ್ರ ಹೊಸದು ಮಾಡಿದೆವು. ಉಳಿದ ಬ್ಲಾಕುಗಳನ್ನು ಕೆಡವುವ ಮುಂಚೆ ಬಾಗಿಲು, ಚೌಕಟ್ಟು, ಗ್ರಿಲ್ಲುಗಳನ್ನು ಕೈಯಲ್ಲೇ ಬಿಚ್ಚಿಸಿದೆವು. ಪುಡಿ ಮಾಡಿದ ಕಾಂಕ್ರೀಟನ್ನು ಕಂಬ, ತೊಲೆಗಳಿಗೆ ಬಳಸಲಿಲ್ಲ, ದಾರಿಯ ಕೆಳಪದರಕ್ಕೆ ಹಾಕಿದೆವು. ಕಲ್ನಾರು (ಆಸ್ಬೆಸ್ಟಾಸ್) ಶೀಟುಗಳಿದ್ದವು. ಅವನ್ನು ಒಡೆಯದೆ, ನೀರು ಚಿಮುಕಿಸಿ, ಇಡಿಯಾಗಿ ಇಳಿಸಿ, ಸುತ್ತಿ, ತರಬೇತಿ ಇರುವವರ ಕೈಯಲ್ಲೇ ಸಾಗಿಸಬೇಕು. ಇದರಲ್ಲಿ ಮಾತ್ರ ಅವಸರ ಮಾಡಬೇಡಿ.

ಮೇಲಿನ ಮಹಡಿಯವರ ದೂರು ಒಂದೇ: ರಾತ್ರಿ ನಿದ್ದೆ ಬರಲ್ಲ. ಹಗಲೆಲ್ಲ ಬಿಸಿಲು ಕುಡಿದ ಸ್ಲ್ಯಾಬು ಆ ಬಿಸಿಯನ್ನು ಸಂಜೆಯ ಮೇಲೆ ಮನೆಯೊಳಗೆ ಬಿಡುತ್ತದೆ. ಸೂರ್ಯ ಮುಳುಗಿ ಎಷ್ಟೋ ಹೊತ್ತಾದರೂ ಸೀಲಿಂಗ್ ಮುಟ್ಟಿದರೆ ಬೆಚ್ಚಗೇ ಇರುತ್ತದೆ. ತಾರಸಿಗೆ ಬಿಸಿಲು ವಾಪಸ್ ಕಳಿಸುವ ಬಿಳಿ ಲೇಪನ ಹಾಕಿಸಿದೆವು. ಹೊಸದಾಗಿ ಹಚ್ಚಿದ ಒಳ್ಳೆಯ ಲೇಪನ ಬಿಸಿಲಿನಲ್ಲಿ ಸುಮಾರು ಶೇ. 80ರಷ್ಟನ್ನು ಹಿಂದಕ್ಕೆ ಕಳಿಸುತ್ತದೆ. ಧೂಳು ಕೂತಂತೆ ಇದು ಇಳಿಯುತ್ತದೆ, ಆಗಾಗ ತೊಳೆಯಬೇಕು. ಪೊರಕೆ ಮತ್ತು ನೀರು ಸಾಕು, ಅದಕ್ಕೇ ಇದು ಪಟ್ಟಿಯಲ್ಲಿ ಉಳಿಯಿತು.

ಗಾಳಿಯದು ಬೇರೆಯೇ ಕಥೆ. ಚಿಕ್ಕ ಮನೆಗಳಿಗೆ ಸಾಮಾನ್ಯವಾಗಿ ಹೊರಗೋಡೆ ಒಂದೇ. ಕಿಟಕಿ ಎಷ್ಟು ದೊಡ್ಡದಿದ್ದರೂ ಎದುರಿನಿಂದ ಗಾಳಿ ಆಚೆ ಹೋಗಲು ದಾರಿ ಇಲ್ಲದಿದ್ದರೆ ಒಳಗೂ ಅಷ್ಟಾಗಿ ಬರುವುದಿಲ್ಲ. ನಕ್ಷೆಯಲ್ಲಿ ನಾವು ಕಾರಿಡಾರಿನ ಬಾಗಿಲಿನಿಂದ ಬಾಣ ಎಳೆದು ಗಾಳಿ ತೋರಿಸಿದ್ದೆವು. ಒಬ್ಬ ಅಜ್ಜಿ ನಕ್ಕು, 'ಬಾಗಿಲು ತೆರೆದಿಟ್ಟು ಯಾರು ಮಲಗ್ತಾರಪ್ಪಾ?' ಅಂದರು. ಹೌದಲ್ವಾ! ಬಾಗಿಲ ಮೇಲೆ ವೆಂಟಿಲೇಟರ್ ಬಂದದ್ದು ಹಾಗೆ. ಬಾಗಿಲು ಹಾಕಿದ್ದರೂ ಮೇಲೇರಿದ ಬಿಸಿ ಗಾಳಿ ಅಲ್ಲಿಂದ ಹೊರಟುಹೋಗುತ್ತದೆ.

ಗೋಡೆಗೆ ಹಗುರ ಬ್ಲಾಕು ಅಂತ ಮೊದಲೇ ತೀರ್ಮಾನ ಆಗಿತ್ತು. ಒಳಗೆ ಗಾಳಿಗುಳ್ಳೆ ತುಂಬಿದ ಕಾಂಕ್ರೀಟಿನ ಈ ಎಎಸಿ ಬ್ಲಾಕು ಬಿಸಿಯನ್ನು ತಡೆಯುತ್ತದೆ, ಸುಟ್ಟ ಇಟ್ಟಿಗೆಗಿಂತ ಎಷ್ಟೋ ಹಗುರ, ಕಟ್ಟಡದ ಭಾರವೂ ಇಳಿಯುತ್ತದೆ. ಕಾಗದದಲ್ಲಿ ಎಲ್ಲ ಚೆನ್ನ. ಮಾದರಿ ಮನೆ ಕಟ್ಟಿ ಜನರನ್ನು ಕರೆದಾಗ ಒಬ್ಬರು ಮೊಳೆ, ಸುತ್ತಿಗೆ ತಂದು ಗೋಡೆಗೆ ಹೊಡೆದೇಬಿಟ್ಟರು. ಮೊಳೆ ಬೆಣ್ಣೆಗೆ ಇಳಿದ ಹಾಗೆ ಇಳಿಯಿತು, ಎಳೆದರೆ ಹಾಗೇ ಕೈಗೆ ಬಂತು. ಚಿಕ್ಕ ಮನೆಯಲ್ಲಿ ಬದುಕು ಅರ್ಧ ಗೋಡೆಯ ಮೇಲೇ ಇರುತ್ತದೆ. ಪಾತ್ರೆ ಸ್ಟ್ಯಾಂಡು, ಬಟ್ಟೆಯ ಗೂಟ, ಟಿವಿ, ಮಕ್ಕಳ ಪುಸ್ತಕದ ಹಲಗೆ. ಈ ಬ್ಲಾಕಿಗೆ ಅಂತಲೇ ಬೇರೆ ಫಾಸ್ಟ್‌ನರ್ ಬರುತ್ತದೆ, ನಿಜ. ಅದನ್ನು ಪ್ರತಿ ಮನೆಯವರೂ ಹುಡುಕಿ ತಂದು ಹಾಕುತ್ತಾರೆ ಅಂದುಕೊಳ್ಳುವುದು ನಮ್ಮ ಭ್ರಮೆ. ಕೊನೆಗೆ ಬಿಸಿಲು ಬೀಳುವ ಹೊರಗೋಡೆಗೆ ಹಗುರ ಬ್ಲಾಕು, ಅಡುಗೆ ಜಾಗದ ಮತ್ತು ಕೋಣೆಯ ನಡುಗೋಡೆಗೆ ಹಾರುಬೂದಿ ಇಟ್ಟಿಗೆ ಅಂತ ಬದಲಿಸಿದೆವು. ಆ ಮೊಳೆಯನ್ನು ನಾನು ಇನ್ನೂ ಮೇಜಿನ ಡ್ರಾಯರಿನಲ್ಲಿ ಇಟ್ಟುಕೊಂಡಿದ್ದೇನೆ.

ನೀರಿನ ವಿಷಯದಲ್ಲೂ ಇಂಥದ್ದೇ ಪಾಠ. ನಲ್ಲಿಗೆ ನೀರು ಕಡಿಮೆ ಬಿಡುವ ಏರೇಟರ್ ಹಾಕಿಸಿದ್ದೆವು. ಕೈ ತೊಳೆಯುವ ಕಡೆ ಅದು ಸರಿ. ಬಕೆಟ್ ತುಂಬಿಸುವ ನಲ್ಲಿಗೆ ಹಾಕಿದರೆ ಏನು ಉಳಿಯುತ್ತದೆ? ಬಕೆಟ್ ಅಷ್ಟೇ ನೀರು ಕುಡಿಯುತ್ತದೆ, ಹೊತ್ತು ಮಾತ್ರ ಜಾಸ್ತಿ. ಜನ ಬಿಚ್ಚಿ ಎಸೆದರು, ಸರಿಯಾಗೇ ಮಾಡಿದರು. 3 ಮತ್ತು 6 ಲೀಟರಿನ ಎರಡು ಬಟನ್ ಫ್ಲಶ್ ನಿಜಕ್ಕೂ ಉಳಿಸುತ್ತದೆ, ಸೋರದಿದ್ದರೆ. ಸೋರುತ್ತಿದೆಯೋ ಅಂತ ನೋಡಲು ಟ್ಯಾಂಕಿಗೆ ನಾಲ್ಕು ಹನಿ ಬಣ್ಣ ಹಾಕಿ, ಫ್ಲಶ್ ಮಾಡದೆ ಕಾಲು ಗಂಟೆ ಕಾಯಿರಿ. ಕೆಳಗೆ ಬಣ್ಣ ಕಂಡರೆ ವಾಷರ್ ಹೋಗಿದೆ. ಇದನ್ನು ಮಕ್ಕಳಿಗೆ ಹೇಳಿಕೊಟ್ಟೆವು. ಅವರಿಗದು ಆಟ. ಮನೆ ಮನೆಗೆ ನುಗ್ಗಿ ಪರೀಕ್ಷೆ ಮಾಡಿದರು.

ಜನ ವಾಪಸ್ ಬಂದು ಒಂದು ಮಳೆಗಾಲ ಕಳೆದ ಮೇಲೆ ಮತ್ತೆ ಹೋದೆ. ತಾರಸಿ ತೊಳೆದಿತ್ತು. ಗೋಡೆಗಳ ಮೇಲೆ ಹಲಗೆಗಳು ಕೂತಿದ್ದವು. ಆದರೆ ಕಾರಿಡಾರಿನಲ್ಲಿ ನಡೆಯುತ್ತಾ ಮೇಲೆ ನೋಡಿದರೆ, ನಾನು ಅಷ್ಟು ಹೆಮ್ಮೆಪಟ್ಟಿದ್ದ ವೆಂಟಿಲೇಟರುಗಳಿಗೆ ಸಾಲಾಗಿ ರಟ್ಟು ತುರುಕಿದ್ದಾರೆ. ಅದೇ ಅಜ್ಜಿಯನ್ನು ಕೇಳಿದೆ. 'ಸೊಳ್ಳೆ ಕಣಪ್ಪಾ' ಅಂದರು. ಕಿಟಕಿಗೆಲ್ಲ ಜಾಲರಿ ಹಾಕಿಸಿದ್ದ ನಾವು ಬಾಗಿಲ ಮೇಲಿನದನ್ನು ಮರೆತಿದ್ದೆವು. ಮುಂದಿನ ವಾರ ಜಾಲರಿಯ ಸುರುಳಿ, ಕತ್ತರಿ, ಏಣಿ ಹಿಡಿದುಕೊಂಡು ಹೋದೆವು.