57 ಇಂಚಿನ ಕುದುರೆ ಸಾಕಾ? ಶಿರಸಿ ಕಡೆ ಏರು-ಇಳುಕಲಿಗೆ ಕುದುರೆ ಆರಿಸಿದ ನನ್ನ ಅನುಭವ

ಕುದುರೆ ತಗೊಳ್ಳೋಕೆ ಹೊರಟವರ ಕಿವಿಗೆ ಮೊದ್ಲು ಬೀಳೋದು ಇಂಚು. ವಯಸ್ಸು, ಗುಣ, ನಡಿಗೆ ಯಾವ್ದೂ ಹೇಳೋಕೆ ಮೊದ್ಲೇ ಮಾರೋರು "ಅರವತ್ತೆರಡು", "ಅರವತ್ನಾಲ್ಕು" ಅಂತ ಶುರು ಮಾಡ್ತಾರೆ, ರೇಟೂ ಅದರ ಮೇಲೇ ಏರ್ತಾ ಹೋಗ್ತದೆ. ಮದುವೆ ಮೆರವಣಿಗೆಗೆ ಎತ್ತರ ಬೇಕು, ಒಪ್ಕೋತೀನಿ. ನಂಗೆ ಬೇಕಿದ್ದಿದ್ದು ಮನೆಯಿಂದ ತೋಟಕ್ಕೆ, ಬೇಣಕ್ಕೆ (ಹುಲ್ಲು ಬೆಳೆಯೋ ಗುಡ್ಡದ ಜಾಗ), ರಜೆ ಇದ್ದಾಗ ಅಘನಾಶಿನಿ ಹೊಳೆ ಕಡೆ ಇಳಿದು ವಾಪಸ್ ಹತ್ತಿ ಬರೋಕೆ ಒಂದು ಸವಾರಿ ಕುದುರೆ. ನಾನೂ ಹತ್ತಬೇಕು, ಹೈಸ್ಕೂಲಿಗೆ ಹೋಗೋ ಮಗಳೂ ಹತ್ತಬೇಕು. ಕೊನೆಗೆ ತಂದಿದ್ದು 57 ಇಂಚಿನ ಹೆಣ್ಣು ಕುದುರೆ. ಮನೆಗೆ ಬಂದವರೆಲ್ಲ "ಇಷ್ಟು ಸಣ್ಣದು ಯಾಕೆ ತಂದ್ಯೋ ಮಾರಾಯ" ಅಂತ ಕೇಳಿ ಕೇಳಿ ಸಾಕಾಗಿದೆ, ಹಂಗಾಗಿ ಲೆಕ್ಕ ಏನು ಅಂತ ಒಂದ್ಸಲ ಪೂರ್ತಿ ಬರೀತಿದೀನಿ.

ಕುದುರೆ ಎತ್ತರ ಅಂದ್ರೆ ತಲೆ ತನಕ ಅಲ್ಲ, ಕುತ್ತಿಗೆ ಮುಗಿದು ಬೆನ್ನು ಶುರುವಾಗೋ ಜಾಗದಲ್ಲಿ ಒಂದು ದಿಬ್ಬ ಇರ್ತದಲ್ಲ, ಅಲ್ಲಿ ತನಕ. ಇಂಗ್ಲಿಷ್ ಲೆಕ್ಕದಲ್ಲಿ ಹ್ಯಾಂಡ್ ಅಂತಾರೆ, ಒಂದು ಹ್ಯಾಂಡ್ ಅಂದ್ರೆ 4 ಇಂಚು. 14.2 ಅಂತ ಬರೆದಿದ್ರೆ ಅದು ದಶಮಾಂಶ ಅಲ್ಲ, 14 ಹ್ಯಾಂಡ್ ಮೇಲೆ 2 ಇಂಚು, ಅಂದ್ರೆ 58 ಇಂಚು. ಅದಕ್ಕಿಂತ ಕಮ್ಮಿ ಇದ್ರೆ ಸಾಮಾನ್ಯವಾಗಿ ಪೋನಿ ಅನ್ನೋದು, ಹಂಗೆ ನೋಡಿದ್ರೆ ನಮ್ಮನೇದು ಪೋನಿನೇ.

ಅಳೆಯೋದ್ರಲ್ಲೇ ಒಂದು ಕೈಚಳಕ ಇದೆ. ಟೇಪನ್ನ ಗೊರಸಿಂದ ಹಿಡಿದು ಭುಜದ ಉಬ್ಬಿನ ಮೇಲೆ ಹಾಯಿಸಿ ದಿಬ್ಬಕ್ಕೆ ತಂದ್ರೆ ಒಂದೆರಡು ಇಂಚು ಪುಕ್ಸಟ್ಟೆ ಸಿಗ್ತದೆ. ಅದ್ರ ಮೇಲೆ ಗೊರಸು ಕತ್ತರಿಸದೆ ಬಿಟ್ಟಿದ್ರೆ, ದಪ್ಪ ಲಾಳ ಹೊಡ್ಸಿದ್ರೆ ಇನ್ನಷ್ಟು. ನಾನು ಗುರುತು ಹಾಕಿದ ನೆಟ್ಟನೆ ಕೋಲೊಂದು, ಮೇಲೆ ಅಡ್ಡ ಇಡೋಕೆ ಮೇಸ್ತ್ರಿಗಳ ಹತ್ರ ಇರೋ ಮಟ್ಟಗೋಲೊಂದು ತಗೊಂಡು ಹೋಗಿದ್ದೆ. ಸಿಮೆಂಟ್ ನೆಲದ ಮೇಲೆ ನಿಲ್ಸಿ ಅಂದ್ರೆ ಕೆಲವರ ಮುಖ ಅಲ್ಲೇ ಬಾಡ್ತಿತ್ತು.

ಒಂದು ಕಾಲದಲ್ಲಿ ವಿಜಯನಗರಕ್ಕೆ ಅರಬ್ಬಿ ಕುದುರೆ ಇಳೀತಿದ್ದಿದ್ದೇ ನಮ್ಮ ಜಿಲ್ಲೆಯ ಭಟ್ಕಳ, ಹೊನ್ನಾವರದ ಬಂದರಲ್ಲಿ, ಈಗ ನೋಡಿದ್ರೆ ನಾವೇ ಬೆಳಗಾವಿ ದಾಟಿ ಹೋಗ್ಬೇಕು. ಮಹಾರಾಷ್ಟ್ರದ ಅಕಲೂಜ, ಸಾರಂಗಖೇಡಾ ಕಡೆ ದೊಡ್ಡ ಕುದುರೆ ಸಂತೆ ನಡೀತದೆ, ಅಲ್ಲಿ ಮಾರವಾಡಿ, ಕಾಠಿಯಾವಾಡಿ ತಳಿಯ ಕುದುರೆ ಜಾಸ್ತಿ. ನಂಗೆ ಸಿಕ್ಕಿದ್ದು ಮಾತ್ರ ಬೆಳಗಾವಿ ಕಡೆಯ ಒಬ್ಬ ವ್ಯಾಪಾರಿ ಹತ್ರ. ಅವ್ರು ನಂಗೆ ತೋರಿಸ್ಬೇಕು ಅಂತ ಇಟ್ಟಿದ್ದು ಬೇರೆ, ಕಪ್ಪು ಬಣ್ಣದ ಎತ್ತರದ ಗಂಡು. "ಸರ್, ಅರವತ್ಮೂರ ಇಂಚ ಐತ್ರಿ, ಇನ್ನೂ ಬೆಳಿತೈತಿ, ಇದರ ಮ್ಯಾಲ ಕುಂತ್ರ ಊರ ಮಂದಿ ತಿರುಗಿ ನೋಡ್ತಾರ್ರಿ" ಅಂದ್ರು. ಚಂದ ಇತ್ತು, ಸುಳ್ಳು ಹೇಳಲ್ಲ. ಪಕ್ಕದಲ್ಲಿ ಈ ಕಂದು ಬಣ್ಣದ ಹೆಣ್ಣು ಹುಲ್ಲು ತಿಂತಾ ನಿಂತಿತ್ತು, ಎರಡೂ ಅಳೀತೀನಿ ಅಂದೆ.

ಇಲ್ಲೇ ನೋಡಿ ಇರೋದು ವಿಷ್ಯ. ಕುದುರೆ ತೂಕ ತಕ್ಕಡಿ ಇಲ್ದೇನೇ ಅಂದಾಜು ಮಾಡ್ಬಹುದು. ಮುಂಗಾಲ ಹಿಂದೆ ಎದೆ ಸುತ್ತಳತೆ ಸೆಂಟಿಮೀಟರಲ್ಲಿ ತಗೊಂಡು ಅದನ್ನ ಅದರಿಂದಲೇ ಗುಣಿಸಿ, ಆಮೇಲೆ ಭುಜದ ಮುಂದಿನ ಮೂಲೆಯಿಂದ ಪೃಷ್ಠದ ತುದಿ ತನಕದ ಉದ್ದದಿಂದ ಗುಣಿಸಿ, 11,877ರಿಂದ ಭಾಗಿಸಿದ್ರೆ ಕೆಜಿ ಲೆಕ್ಕ ಬರ್ತದೆ. ಕಪ್ಪು ಗಂಡಿನ ಎದೆ 165, ಉದ್ದ 158, ಅಂದ್ರೆ ಸುಮಾರು 362 ಕೆಜಿ. ಹೆಣ್ಣಿನ ಎದೆ 163, ಉದ್ದ 150, ಸುಮಾರು 335 ಕೆಜಿ. ಎತ್ತರದಲ್ಲಿ 6 ಇಂಚು ವ್ಯತ್ಯಾಸ, ತೂಕದಲ್ಲಿ 27 ಕೆಜಿ ಅಷ್ಟೇ! ಆ 6 ಇಂಚು ಇದ್ದಿದ್ದೆಲ್ಲ ಕಾಲಲ್ಲಿ. ಮೊಣಕಾಲ ಕೆಳಗಿನ ಎಲುಬಿಗೆ ದಾರ ಸುತ್ತಿ ನೋಡಿದ್ರೆ ಹೆಣ್ಣಿಂದೇ ಅರ್ಧ ಸೆಂಟಿಮೀಟರ್ ದಪ್ಪ, ಬೆನ್ನೂ ಗಿಡ್ಡ, ಸೊಂಟದ ಹತ್ರ ಅಗಲ. ಭಾರ ಹೊರೋದು ಇವೇ ಹೊರತು ಎತ್ತರ ಅಲ್ಲ.

ಭಾರ ಎಷ್ಟು ಅನ್ನೋದಕ್ಕೆ ಹೆಚ್ಚಿನವರು ಹೇಳೋ ಲೆಕ್ಕ ಸವಾರ ಮತ್ತೆ ಜೀನು ಸೇರಿ ಕುದುರೆ ತೂಕದ 20 ಪರ್ಸೆಂಟ್ ಒಳಗೆ ಇರ್ಬೇಕು ಅಂತ. ಅಮೆರಿಕದ ಒಹಾಯೊದಲ್ಲಿ 15, 20, 25, 30 ಪರ್ಸೆಂಟ್ ಭಾರ ಹೊರಿಸಿ ನೋಡಿದ್ದಾರೆ, 25 ದಾಟಿದ ಮೇಲೆ ಸ್ನಾಯು ನೋವು, ಬಿಗಿತ ಜಾಸ್ತಿ ಕಾಣಿಸ್ಕೊಂಡಿದೆ. ನಾನು 59 ಕೆಜಿ, ಜೀನು ಕಂಬಳಿ ಎಲ್ಲ ಸೇರಿ 7, ಒಟ್ಟು 66, ಅಂದ್ರೆ 20ರ ಅಂಚಲ್ಲೇ ಇದೀನಿ. ಕಪ್ಪು ಗಂಡಾದ್ರೆ 18 ಚಿಲ್ಲರೆ ಆಗ್ತಿತ್ತು, ದೊಡ್ಡ ಲಾಭ ಏನಿಲ್ಲ. ಆ ಲೆಕ್ಕ ಸಪಾಟು ನೆಲದ್ದು, ನಮ್ಮ ಕಡೆ ಏರಿಗೆ ಇನ್ನೂ ಹಿಡಿತ ಬೇಕು, ಹಂಗಾಗಿ ತೀರಾ ಕಡಿದಾದಲ್ಲಿ ನಾನು ಇಳಿದು ಲಗಾಮು ಹಿಡ್ಕೊಂಡು ನಡೀತೀನಿ. ನನ್ನ ಜೊತೆ ಅಳತೆ ಹಿಡಿಯೋಕೆ ಬಂದಿದ್ದ ಭಾವ 92 ಕೆಜಿ. "ಭಾವ, ನೀನು ಕೆಳಗೇ ಇರು" ಅಂದಿದ್ದಕ್ಕೆ ಇನ್ನೂ ಮುನಿಸು ಪೂರ್ತಿ ಹೋಗಿಲ್ಲ. 90ರ ಮೇಲಿರೋರು 500 ಕೆಜಿ ಹತ್ತಿರದ ಕುದುರೆನೇ ನೋಡ್ಬೇಕು, ಬೇರೆ ದಾರಿ ಇಲ್ಲ.

ಆಮೇಲೆ ಕಾಲು. ಮೇಲೆ ಕೂತಾಗ ನಮ್ಮ ಹಿಮ್ಮಡಿ ಕುದುರೆ ಹೊಟ್ಟೆಗೆ ತಾಗೋ ಹಂಗಿರ್ಬೇಕು, ಹೊಟ್ಟೆಗಿಂತ ಕೆಳಗೆ ಜೋತಾಡಿದ್ರೆ ಕಾಲಿಂದ ಸೂಚನೆ ಕೊಡೋಕೇ ಆಗಲ್ಲ. ಆದ್ರೆ ಇದನ್ನೂ ಎತ್ತರ ನೋಡಿ ಹೇಳೋಕಾಗಲ್ಲ, ಹೊಟ್ಟೆ ಗುಂಡಗಿರೋ ಗಿಡ್ಡ ಕುದುರೆ ಉದ್ದ ಕಾಲನ್ನೂ ನುಂಗ್ತದೆ, ಚಪ್ಪಟೆ ಪಕ್ಕೆಯ ಎತ್ತರದ ಕುದುರೆ ಮೇಲೆ ಕಾಲು ಸುಮ್ನೆ ಇಳಿಬೀಳ್ತದೆ. ಹತ್ತಿ ನೋಡ್ದೆ ತಗೋಬೇಡಿ. ಮಗಳನ್ನೂ ಕೂರ್ಸಿ ಕುಕ್ಕುಲೋಟದಲ್ಲಿ ಎರಡು ಸುತ್ತು ಹಾಕ್ಸಿದೆ, ಅವಳಿಗೆ ಅಗಲ ಜಾಸ್ತಿ ಆಗಿ ತೊಡೆ ಎಳೀಲಿಲ್ಲ ಅಂದಮೇಲೇ ಮುಂದಿನ ಮಾತು.

ಇನ್ನು ನಮ್ಮ ಕಡೆ ಜಾಗದ ವಿಷ್ಯ. ಮನೆ ಬಿಟ್ಟು ಬೇಣ ಮುಟ್ಟೋದ್ರೊಳಗೆ ದಣಪೆ (ಬೇಲಿ ನಡುವೆ ಗಳು ಅಡ್ಡ ಹಾಕಿರೋ ದಾರಿ) ಮೇಲೆ ದಣಪೆ ಸಿಗ್ತದೆ. ಪ್ರತಿಸಲ ಇಳೀಬೇಕು, ಗಳು ಸರಿಸ್ಬೇಕು, ಕುದುರೆ ದಾಟಿಸ್ಬೇಕು, ಮತ್ತೆ ಗಳು ಹಾಕ್ಬೇಕು, ಮತ್ತೆ ಹತ್ತಬೇಕು. ಮಳೆಗಾಲದಲ್ಲಿ ರೇನ್‌ಕೋಟ್ ಹಾಕ್ಕೊಂಡು, ಜಾರೋ ಜಂಬಿಟ್ಟಿಗೆ ಮಣ್ಣಲ್ಲಿ ನಿಂತು 64 ಇಂಚಿನ ಕುದುರೆ ರಿಕಾಬಿಗೆ ಕಾಲೆತ್ತಿ ನೋಡಿ, ಆಮೇಲೆ ಮಾತಾಡೋಣ. ಹಳ್ಳ ದಾಟೋ ಸಂಕದ (ಕಾಲುಸೇತುವೆ) ಮೇಲಂತೂ ಕುದುರೆ ಬರಲ್ಲ, ಹಳ್ಳಕ್ಕೇ ಇಳಿಸ್ಬೇಕು, ಅಲ್ಲಿ ಗಿಡ್ಡ ಕುದುರೆ ಕಲ್ಲು ನೋಡಿ ಕಾಲಿಡೋದು ಒಂದು ನೆಮ್ಮದಿ. ತಲೆ ಮೇಲೆ ಬಿದಿರು, ಮಾವಿನ ಟೊಂಗೆ ಬೇರೆ. ಕೊಟ್ಟಿಗೆ ನಮ್ಮದು ಹಳೇದು, ದನಕ್ಕೆ ಅಂತ ಕಟ್ಟಿದ್ದು, ಎತ್ತರದ ಕುದುರೆ ಕತ್ತೆತ್ತಿದ್ರೆ ಹಂಚಿನ ಪಕಾಸಿಗೆ ಹೊಡೆಯೋದೇ. ಮುಂಡಗೋಡ ಕಡೆ ಕುರಿ ಹಿಂಡು ಬರುವಾಗ ಜೊತೆಗೆ ಸಾಮಾನು ಹೊತ್ಕೊಂಡು ಬರೋ ಗಿಡ್ಡ ಕುದುರೆ ನೋಡಿರ್ಬಹುದು, ಆ ಡೆಕ್ಕನಿ ಜಾತಿದೇ ಭೀಮಥಡಿ, ಈಚೆಗೆ ಅದಕ್ಕೆ ತಳಿ ಅಂತ ಮಾನ್ಯತೆನೂ ಸಿಕ್ಕಿದೆ. ಹಂತಾದ್ದರ ರಕ್ತ ನಮ್ಮನೇದ್ರಲ್ಲೂ ಸ್ವಲ್ಪ ಇದ್ದಂಗೆ ಕಾಣ್ತದೆ, ಕಾಗದ ಅಂತೂ ಏನಿಲ್ಲ.

"ಇನ್ನೂ ಬೆಳಿತೈತಿ" ಅನ್ನೋ ಮಾತಿಗೆ ಬಾಯಿ ತೆಗೆಸಿ ನೋಡಿ. ಮುಂದಿನ ಹಾಲುಹಲ್ಲಲ್ಲಿ ಮಧ್ಯದ ಜೋಡಿ ಎರಡೂವರೆ ವರ್ಷಕ್ಕೆ, ಪಕ್ಕದ್ದು ಮೂರೂವರೆಗೆ, ಮೂಲೆದು ನಾಲ್ಕೂವರೆಗೆ ಬಿದ್ದು ಹೊಸದು ಬರ್ತದೆ. ಆ ಕಪ್ಪು ಗಂಡಿಗೆ ಮಧ್ಯದ ಜೋಡಿ ಮಾತ್ರ ಬಂದಿತ್ತು. ಬೆನ್ನೆಲುಬಿನ ಬೆಳವಣಿಗೆ ಮುಗಿಯೋಕೆ ಐದು ವರ್ಷ ದಾಟ್ಬೇಕು, ಅಷ್ಟರಲ್ಲಿ ಭಾರ ಹೊರಿಸಿದ್ರೆ ಎತ್ತರ ಇದ್ದೂ ಸುಖ ಇಲ್ಲ. ನಾನು ತಂದಿದ್ದು ಬಾಯಿಗೂಡಿದ್ದು, ಅಂದ್ರೆ ಹಾಲುಹಲ್ಲೆಲ್ಲ ಬಿದ್ದು ಹೊಸ ಹಲ್ಲು ಪೂರ್ತಿ ಬಂದಿರೋದು. ಸುಳಿ ನೋಡೋರು ನೋಡ್ಕೊಳ್ಳಿ, ನಮ್ಮ ಅಮ್ಮನೂ ನೋಡಿದ್ರು. ಗ್ಲಾಂಡರ್ಸ್ ರಕ್ತ ಪರೀಕ್ಷೆ ರಿಪೋರ್ಟ್ ಇಲ್ದೆ ಮಾತ್ರ ಲಾರಿ ಹತ್ತಿಸ್ಬೇಡಿ, ಅದು ಮನುಷ್ಯರಿಗೂ ಅಂಟೋ ಕಾಯಿಲೆ.

ರೇಸಿಂದ ರಿಟೈರ್ ಆದ ಥರೋಬ್ರೆಡ್ ಅಗ್ಗಕ್ಕೆ ಸಿಗ್ತದಲ್ಲ ಅಂತ ಕೇಳೋರಿದಾರೆ. ಸಿಗ್ತದೆ, 64 ಇಂಚಿಂದೂ ಸಿಗ್ತದೆ. ಮೇವು ತೂಕದ ಸುಮಾರು 2 ಪರ್ಸೆಂಟ್ ಅಂತ ಹಿಡಿದ್ರೆ ನಮ್ಮನೇದಕ್ಕೆ ದಿನಕ್ಕೆ 7 ಕೆಜಿ ಒಣ ಲೆಕ್ಕ, 480 ಕೆಜಿಯದಕ್ಕೆ ಹತ್ತಿರ ಹತ್ತಿರ 10. ನಮ್ಮ ಬೇಣದ ಕರಡ (ಒಣಹುಲ್ಲು) ತಿಂದ್ಕೊಂಡು, ಮೇಲೆ ಒಂದಿಷ್ಟು ಹುರುಳಿ, ಬೂಸಾದಲ್ಲಿ ಮೈ ಹಿಡ್ಕೊಳ್ಳೋದು ಗಿಡ್ಡದ್ದೇ, ರೇಸಿನ ಕುದುರೆಗೆ ಹೊರಗಿಂದ ಒಳ್ಳೆ ಹುಲ್ಲು ತರಿಸ್ತಾ ಕೂರ್ಬೇಕು.

ಗಿಡ್ಡ ಬೆನ್ನಿನ ಕುದುರೆ ತಗೊಳ್ಳೋರು ಜೀನಿನ ಉದ್ದ ಮರೀಬೇಡಿ. ಕೊನೆ ಪಕ್ಕೆಲುಬು ಎಲ್ಲಿ ಅಂತ ಕೈಯಲ್ಲಿ ಸವರಿ ಗುರುತು ಮಾಡ್ಕೊಳ್ಳಿ, ಜೀನು ಅದರಾಚೆ ಹೋಗ್ಬಾರ್ದು, ಹೋದ್ರೆ ಸೊಂಟದ ಮೇಲೆ ಕೂತ ಹಂಗೆ. ನಂಗೆ ಹಿತ ಆಗೋ ದೊಡ್ಡ ಸೀಟಿನ ಜೀನು ಇದಕ್ಕೆ ಉದ್ದ ಆಯ್ತು. ಬೆನ್ನಿನ ಉದ್ದ, ದಿಬ್ಬದ ಹತ್ರದ ಅಗಲ ಎರಡೂ ಅಳತೆ ಬರೆದು ಕಾನ್ಪುರದಿಂದ ಗಿಡ್ಡದೊಂದು ತರಿಸ್ದೆ, ಅದ್ರಲ್ಲಿ ನಾನು ಸ್ವಲ್ಪ ಇಕ್ಕಟ್ಟಾಗಿ ಕೂರ್ತೀನಿ, ಮಗಳಿಗೆ ಸರಿಯಾಗಿದೆ.