ಕಂಪನಿಯವ್ರು ಸ್ಪಾನ್ಸರ್ ಮಾಡ್ತೀವಿ ಅಂತ ಬಂದ್ರ ಡಯಟಿಷಿಯನ್ ಏನ್ ಮಾಡಬೇಕು

ಸೆಪ್ಟೆಂಬರ್ 1ರಿಂದ 7ರ ತನಕ ಪೌಷ್ಟಿಕ ಆಹಾರ ಸಪ್ತಾಹ, ಅದೇ ತಿಂಗಳು ಪೋಷಣ ಮಾಸ, ಹಂಗಾಗಿ ಆಗಸ್ಟ್ ಬಂತಂದ್ರ ಸಾಕು ಕಲಬುರಗಿ ಆಸ್ಪತ್ರಿಗಳ ಕಾರಿಡಾರ್‌ನ್ಯಾಗ ಕಂಪನಿ ರೆಪ್‌ಗಳು, ಅಂದ್ರ ಮಾಲು ಮಾರೋ ಪ್ರತಿನಿಧಿಗಳು, ಬ್ಯಾಗ್ ಹಿಡ್ಕೊಂಡು ಅಡ್ಡಾಡ್ತಿರ್ತಾರ. "ಮೇಡಂರೀ, ಕ್ಯಾಂಪ್ ನೀವು ಮಾಡ್ರಿ, ಶಾಮಿಯಾನ, ಬ್ಯಾನರ್, ನಾಷ್ಟಾ ಎಲ್ಲಾ ನಮ್ದು." ಊಟದ ಸಲಹಾ ಕೊಡೋ ಡಯಟಿಷಿಯನ್ ಕೆಲಸಕ್ಕ ಹೊಸದಾಗಿ ಸೇರಿದವ್ರಿಗಿ ಇದು ದೇವ್ರು ಬಂದಂಗ ಕಾಣ್ತದ. ನನಗೂ ಹಂಗೇ ಕಂಡಿತ್ತು.

ಆ ವರ್ಷ ಕಲಸಿ ಕುಡಿಯೋ ಪೌಷ್ಟಿಕ ಪೌಡರ್ ಮಾರೋ ಒಂದು ಕಂಪನಿ ಬ್ಯಾನರ್ ನನ್ನ ಕುರ್ಚಿ ಹಿಂದನ ಕಟ್ಟಿದ್ರು. ನಾನು ಇಡೀ ದಿನ ಹೇಳಿದ್ದು ಬ್ಯಾಳಿ, ತತ್ತಿ, ಪುಂಡಿ ಪಲ್ಯ ಇಷ್ಟೇ, ಪೌಡರ್ ಹೆಸರು ಬಾಯಾಗ ಬರಲೇ ಇಲ್ಲ. ಎರಡು ತಿಂಗಳಿಗಿ ಒಬ್ಬ ಆಯಿ ಖಾಲಿ ಡಬ್ಬಿ ಸೆರಗಿನಾಗ ಸುತ್ಕೊಂಡು ಬಂದಳು, ತೊಗರಿ ಹೊಲಕ್ಕ ಕೂಲಿಗಿ ಹೋಗಾಕಿ, ಮೊಮ್ಮಗಳಿಗಿ ಕೊಡೋ ತತ್ತಿ ನಿಲ್ಲಿಸಿ ಆ ರೊಕ್ಕದಾಗ ಡಬ್ಬಿ ತಂದಿದ್ಳು. "ನಾನು ಹೇಳಿಲ್ಲಲ್ಲಾ ಆಯಿ" ಅಂದ್ರ, "ನಿಮ್ಮ ಹಿಂದನ ಇತ್ತಲ್ರೀ ಫೋಟೊ" ಅಂದಳು. ಅವತ್ತು ತಿಳೀತು ನೋಡ್ರಿ, ನಮ್ಮ ಬಾಯಿ ಖರೀದಿ ಮಾಡೋ ಜರೂರಿ ಅವ್ರಿಗಿ ಇಲ್ಲ, ನಮ್ಮ ಬೆನ್ನ ಹಿಂದಿನ ಜಾಗ ಸಿಕ್ರ ಸಾಕು.

ಅದಕ್ಕ ರೆಪ್ ಬಂದ ಕೂಡ್ಲೆ ಮೊದ್ಲು ಕೇಳ್ರಿ, ಕಂಪನಿ ಕೂಸಿನ ಹಾಲಿನಪುಡಿ, ಫೀಡಿಂಗ್ ಬಾಟಲಿ ಅಥವಾ 2 ವರ್ಷದೊಳಗಿನ ಮಕ್ಕಳ ಆಹಾರ ಮಾರ್ತದೇನು ಅಂತ. ಹೌದಂದ್ರ ಮಾತು ಅಲ್ಲಿಗೇ ಮುಗೀತು. 1992ರ ಶಿಶು ಹಾಲಿನ ಬದಲಿಗಳ ಕಾಯ್ದೆ, 2003ರಾಗ ಇನ್ನೂ ಬಿಗಿ ಮಾಡ್ಯಾರ, ಅದರ ಪ್ರಕಾರ ಅಂಥ ಕಂಪನಿ ಆರೋಗ್ಯ ಕಾರ್ಯಕರ್ತರಿಗಿ ಗಿಫ್ಟ್ ಕೊಡಂಗಿಲ್ಲ, ನಮ್ಮ ಸಂಘದ ಸೆಮಿನಾರ್, ಕಾನ್ಫರೆನ್ಸ್, ರಿಸರ್ಚ್, ಫೆಲೋಶಿಪ್ ಯಾವುದಕ್ಕೂ ರೊಕ್ಕ ಹಾಕಂಗಿಲ್ಲ. ಪೆನ್ನು, ಕ್ಯಾಲೆಂಡರ್ ಅಷ್ಟೇ ಅಂತಾರ, ಅದೂ ಗಿಫ್ಟೇ. ಅಂಗನವಾಡಿ ಕಾರ್ಯಕರ್ತೆಯರಿಗೂ ಇದನ್ನ ಹೇಳ್ರಿ, ಭಾಳ ಮಂದಿಗಿ ಗೊತ್ತಿಲ್ಲ.

ಉಳಿದ ಕಂಪನಿಗಳಿಗಿ ಇಷ್ಟು ಸಾಫ್ ಕಾನೂನಿಲ್ಲ, ಅಲ್ಲಿ ನಿಮ್ಮ ತಲಿ ಓಡಿಸಬೇಕು. ಡಬ್ಬಿ ತಿರುವಿ ಹಿಂದಿನ ಸಣ್ಣ ಅಕ್ಷರ ಓದ್ರಿ. ಸಾಮಗ್ರಿ ಪಟ್ಟಿನಾಗ ತೂಕ ಹೆಚ್ಚಿದ್ದದ್ದು ಮೊದ್ಲು ಬರ್ತದ, ಸಕ್ರಿ ಎಷ್ಟನೇದು ಅಂತ ನೋಡ್ರಿ. 100 ಗ್ರಾಂ ಪುಡಿಯಾಗ 30 ಗ್ರಾಂ ಹಾಕಿದ ಸಕ್ರಿ ಇದ್ದು, ಒಂದು ಸಲಕ್ಕ 20 ಗ್ರಾಂ ಪುಡಿ ಕಲಸ್ರಿ ಅಂತ ಬರ್ದಿದ್ರ, ಒಂದು ಕಪ್ಪಿಗಿ 6 ಗ್ರಾಂ, ದಿನಕ್ಕ ಎರಡು ಕಪ್ಪಿಗಿ 12 ಗ್ರಾಂ. ಹೈದರಾಬಾದ್‌ನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮಾರ್ಗಸೂಚಿನಾಗ ಸಕ್ರಿ ದಿನಕ್ಕ 25 ಗ್ರಾಂ ಒಳಗ ಇರ್ಲಿ ಅಂತದ. ಅಂದ್ರ ಹತ್ರತ್ರ ಅರ್ಧ ಇದರಾಗೇ ಹೋತು. "ಹೆಲ್ತ್ ಡ್ರಿಂಕ್" ಅನ್ನೋ ಮಾತಿಗಿ ನಮ್ಮ ಆಹಾರ ಸುರಕ್ಷತಾ ಕಾಯ್ದೆನಾಗ ಅರ್ಥನೇ ಇಲ್ಲ, 2024ರ ಏಪ್ರಿಲ್‌ನಾಗ ಕೇಂದ್ರ ಸರ್ಕಾರ ಆನ್‌ಲೈನ್ ಅಂಗಡಿಗಳಿಗಿ ಬೋರ್ನ್‌ವಿಟಾದಂಥವನ್ನ ಆ ಪಟ್ಟಿಯಿಂದ ತೆಗೀರಿ ಅಂದಿತ್ತು.

ರೆಪ್ ಪಿಪಿಟಿ ತೋರ್ಸಿ "ಸ್ಟಡಿ ಅದ ಮೇಡಂ" ಅಂದ್ರ, ಸ್ಲೈಡ್ ಬ್ಯಾಡ, ಪೂರ್ತಿ ಪೇಪರ್ ಕೊಡ್ರಿ ಅನ್ರಿ, ಕೊಟ್ರ ಮೊದ್ಲು ಕೊನೀ ಪುಟ ತೆಗೀರಿ, ರೊಕ್ಕ ಯಾರು ಕೊಟ್ಟಾರ ಅಂತ ಅಲ್ಲಿರ್ತದ. ಇರ್ತದ ಅಂದೆ, ಯಾವಾಗಲೂ ಇರ್ತಿರಲಿಲ್ಲ. 1967ರಾಗ ಹಾರ್ವರ್ಡ್ ವಿಜ್ಞಾನಿಗಳು ಹೃದಯರೋಗಕ್ಕ ಸಕ್ರಿಗಿಂತ ಕೊಬ್ಬೇ ಕಾರಣ ಅನ್ನಂಗ ಬರ್ದ್ರು, ಅಮೆರಿಕದ ಸಕ್ರಿ ಉದ್ಯಮ ಅವ್ರಿಗಿ ರೊಕ್ಕ ಕೊಟ್ಟಿತ್ತು ಅಂತ ಹೊರಬಿದ್ದದ್ದು 2016ರಾಗ. ನಡುವ ಎಷ್ಟು ಬ್ಯಾಚ್ ಅದನ್ನೇ ಓದಿ ಪಾಸಾಗಿರ್ಬೇಕು!

ಇನ್ನ ಇಲ್ಲ ಅನ್ನೋದು ಹ್ಯಾಂಗ? ರೆಪ್ ಪಾಪ, ಅವನಿಗಿ ಟಾರ್ಗೆಟ್ ಇರ್ತದ, ಸಿಟ್ಟು ಮಾಡಬ್ಯಾಡ್ರಿ. "ಅಣ್ಣಾ, ಚಾ ಕುಡದು ಹೋಗು, ಚಾ ರೊಕ್ಕ ನನ್ದು, ಕ್ಯಾಂಪ್‌ಗಿ ಮಾತ್ರ ಬ್ಯಾಡಪಾ" ಅಂತ ನಾನಂತೂ ಅಂದುಬಿಡ್ತೀನಿ. ಮ್ಯಾನೇಜ್ಮೆಂಟ್‌ನವ್ರೇ ಒಪ್ಪಿ ಮ್ಯಾಲಿಂದ ಹೇಳಿದ್ರ ಕಷ್ಟ, ಆವಾಗ ಒಂದು ಅರ್ಜಿ ಬರ್ದು ಕೊಡ್ರಿ: ಬ್ಯಾನರ್ ಸಲಹಾ ಟೇಬಲ್ ಹತ್ರ ಇರಬಾರದು, ಪೇಷಂಟ್ ಫೋನ್ ನಂಬರ್ ಕಂಪನಿಗಿ ಹೋಗಬಾರದು, ಸ್ಯಾಂಪಲ್ ನನ್ನ ಕೈಯಿಂದ ಹಂಚಲ್ಲ. ನಂಬರ್ ವಿಷಯ ಮರೀಬ್ಯಾಡ್ರಿ, ರಜಿಸ್ಟರ್ ಫೋಟೊ ಹೊಡ್ಕೊಂಡು ಹೋಗೋರನ್ನ ಕಣ್ಣಾರೆ ನೋಡೀನಿ. ರೀಲ್ಸ್‌ಗಿ ರೊಕ್ಕ ತಗೊಂಡ್ರ ಅದನ್ನ ವಿಡಿಯೊ ಮ್ಯಾಲೇ ಕನ್ನಡದಾಗ ಬರೀರಿ, ಹ್ಯಾಷ್‌ಟ್ಯಾಗ್ ರಾಶಿನಾಗ ಮುಚ್ಚಿಡಬ್ಯಾಡ್ರಿ.

ಕಂಪನಿ ಇಲ್ದ ಕ್ಯಾಂಪ್ ಆಗ್ತದೇನು? ಆಗ್ತದ. ನಮ್ಮದು ಆಸ್ಪತ್ರಿ ವರಾಂಡದಾಗೇ ಆತು, ಶಾಮಿಯಾನದ ಖರ್ಚೇ ಉಳೀತು. ಸ್ಟಾಫ್ ಮನೀಯಿಂದ ರೊಟ್ಟಿ, ಶೇಂಗಾ ಹಿಂಡಿ, ಮೊಳಕಿ ಕಾಳು ತಂದ್ರು, ಬೋರ್ಡ್ ಡ್ರಾಯಿಂಗ್ ಶೀಟಿನಾಗ ಕೈಲೇ ಬರ್ದೇವಿ. ಬ್ಯಾಳಿ ಒಂದು ಕಡಿಮಿ ಬಿತ್ತು, ಪರಿಚಯದ ದಾಲ್ ಮಿಲ್ ಸಾಹುಕಾರ್ರು 5 ಕೆಜಿ ಕೊಡ್ತೀನಿ ಅಂದ್ರು. ಕಲಬುರಗಿ ತೊಗರಿಗಿ 2019ರಾಗ ಜಿಐ ಟ್ಯಾಗ್, ಅಂದ್ರ ಇದು ಈ ಊರಿನದೇ ಮಾಲು ಅನ್ನೋ ಸರ್ಕಾರಿ ಗುರುತು, ಬಂದದ, ನಮ್ಮೂರ ಬ್ಯಾಳಿ, ಅದಕ್ಯಾಕ ಹಿಂದಮುಂದ ನೋಡ್ತೀರಿ ಅಂತ ಎಲ್ಲಾರೂ ಅಂದ್ರು. ಆದ್ರ ಅವ್ರೂ ಮಾರೋರೇ ಅಲ್ಲೇನು. ಬ್ಯಾನರ್ ಬ್ಯಾಡ ಅಂದೆ, ಒಪ್ಪಿದ್ರು, ಮೈಕಿನಾಗ ಹೆಸರಾದ್ರೂ ಹೇಳ್ರಿ ಅಂದ್ರು. ಹೇಳಿದೆ: "ಈ ಬ್ಯಾಳಿ ಸಾಹುಕಾರ್ರು ಫುಕಟ್ ಕೊಟ್ಟಾರ, ಅವ್ರು ಬ್ಯಾಳಿ ವ್ಯಾಪಾರ ಮಾಡ್ತಾರ, ಹಂಗಾಗಿ ಬ್ಯಾಳಿ ಬಗ್ಗೆ ನಾನು ಹೇಳೋದನ್ನ ಸ್ವಲ್ಪ ಅಳದು ತೂಗಿ ಕೇಳ್ರಿ." ಮಂದಿ ಬಿದ್ದು ಬಿದ್ದು ನಕ್ರು, ಸಾಹುಕಾರ್ರೂ ನಕ್ರು, ಮುಂದಿನ ವರ್ಷ ಮಾತ್ರ ಬ್ಯಾಳಿ ಕಳಿಸ್ಲಿಲ್ಲ.