ಮಾರ್ಕ್ಸ್ ಬಂದ ರಾತ್ರಿಯ ಬೈಗುಳ: ನಮ್ಮ ಹಾಸ್ಟೆಲಿನಲ್ಲಿ ಕಡಿಮೆ ಮಾಡಿದ ಬಗೆ

ಪಿಯು ಸೈನ್ಸ್‌ಗೆ ಪಾಠ ಮಾಡುವವರಿಗೆ, ಜೊತೆಗೆ ಹಾಸ್ಟೆಲ್ ವಾರ್ಡನ್ ಕೆಲಸವೂ ತಲೆಗೆ ಬಿದ್ದವರಿಗೆ, ನೀಟ್, ಸಿಇಟಿ ಪ್ರವೇಶ ಪರೀಕ್ಷೆಗಳ ಮಾಕ್ ಟೆಸ್ಟ್ ಮಾರ್ಕ್ಸ್ ಬಂದ ರಾತ್ರಿ ಹುಡುಗರ ಬಾಯಿ ಹೇಗಿರುತ್ತೆ ಅಂತ ಬಿಡಿಸಿ ಹೇಳಬೇಕಿಲ್ಲ. ನಾನು ದಾವಣಗೆರೆಯಲ್ಲಿ ಫಿಜಿಕ್ಸ್ ಹೇಳಿಕೊಡುತ್ತೇನೆ. ಹತ್ತಿರಹತ್ತಿರ ನೂರ ಅರವತ್ತು ಮಕ್ಕಳು, ಅರ್ಧಕ್ಕಿಂತ ಜಾಸ್ತಿ ಹಾಸ್ಟೆಲಿನವರು. ಈ ಬೈಗುಳ ಕಡಿಮೆ ಮಾಡಬಹುದು ಅಂತ ನಾನು ಅಂದಾಗ ಸ್ಟಾಫ್ ರೂಮಿನಲ್ಲಿ ಎಲ್ಲರೂ ನಕ್ಕರು. "ನಿಮ್ಮ ಕಾಲದಲ್ಲಿ ನೀವು ಬೈದಿಲ್ವೇನ್ರೀ?" ಅಂದರು ಪ್ರಿನ್ಸಿಪಾಲರು. ಕೆಮಿಸ್ಟ್ರಿ ಮೇಷ್ಟ್ರು ಬೆಣ್ಣೆದೋಸೆಗೆ ಬೆಟ್ ಕಟ್ಟಿದರು. ಈಗ ಎರಡು ವರ್ಷ ಆಗುತ್ತಾ ಬಂತು. ದೋಸೆ ತಿಂದಾಯ್ತು. ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.

ಎಲ್ಲ ಬೈಗುಳದ ಹಿಂದೆ ನಾನು ಬಿದ್ದಿಲ್ಲ. "ಬೋ... ಮಗನೇ, ಎಷ್ಟೋ ಬಂತು?" ಅಂತ ಗೆಳೆಯ ಗೆಳೆಯನನ್ನು ಕೇಳಿದರೆ ನಾನು ಕಿವುಡ. ಅದನ್ನು ನಿಲ್ಲಿಸೋಕೆ ಹೊರಟರೆ ಮೊದಲು ಊರು ಖಾಲಿ ಮಾಡಿಸಬೇಕಾಗುತ್ತೆ. ನನಗೆ ತಲೆನೋವಾಗಿದ್ದು ಬೇರೆ ಎರಡು ಥರದ ಮಾತು. ಒಂದು ಮೊಬೈಲಿಂದ ಇಳಿದು ಬಂದಿದ್ದು. "ಫಿಜಿಕ್ಸ್ ಪೇಪರ್ ರೇಪ್ ಮಾಡ್ಬಿಡ್ತು ಮಗಾ" ಅನ್ನೋದು. ಕಡಿಮೆ ಬಂದವನಿಗೆ "ರಿಟಾರ್ಡ್", "ಆಟಿಸ್ಟಿಕ್". ತಪ್ಪು ಉತ್ತರಕ್ಕೆ ಮಾರ್ಕ್ಸ್ ಕಳೆಯುವ ನೆಗೆಟಿವ್‌ಗೆ ಹೆದರಿ ಪ್ರಶ್ನೆ ಬಿಟ್ಟವನಿಗೆ "ಛಕ್ಕಾ". ಇಷ್ಟನ್ನೂ ಉಪ್ಪಿನಕಾಯಿ ಕೊಡೋ ಅನ್ನುವ ಧಾಟಿಯಲ್ಲಿ ಹೇಳುತ್ತಾರೆ, ಕೋಪವೇನೂ ಇರೋದಿಲ್ಲ.

ಇನ್ನೊಂದು ನಮ್ಮ ಊರಿನದೇ ಸರಕು. "ನಿಂಗೇನಪ್ಪಾ, ಕೆಟಗರಿ ಇದೆ." "ಕೋಟಾ ಗಿರಾಕಿ." ಜಗಳ ಏರಿದರೆ ನೇರ ಜಾತಿ ಹೆಸರೇ. ಇದರ ಜೊತೆಗೆ 371ಜೆ, ಅಂದರೆ ಸಂವಿಧಾನದ ಆ ವಿಧಿಯಡಿ ಕಲ್ಯಾಣ ಕರ್ನಾಟಕದವರಿಗಿರುವ ಮೀಸಲಾತಿ. ಹೊರಗಿನವರಿಗೆ ಇದು ಅರ್ಥ ಆಗೋದು ಕಷ್ಟ. ಹರಪನಹಳ್ಳಿ 1997ರಿಂದ ಬಹಳ ವರ್ಷ ನಮ್ಮ ಜಿಲ್ಲೆಯಲ್ಲೇ ಇತ್ತು, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಆ ತಾಲ್ಲೂಕಿನವರಿಗೆ 371ಜೆ ಸಿಗುತ್ತೆ. ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ನೂರಕ್ಕೆ 70 ಸೀಟು, ಉಳಿದ ಕಡೆ 8. ಪಕ್ಕದ ಜಗಳೂರಿನವನಿಗೆ ಇಲ್ಲ. ಎರಡೂ ಕಡೆ ಅದೇ ಬರ, ಅದೇ ಮೆಕ್ಕೆಜೋಳ. ಇಬ್ಬರೂ ಒಂದೇ ಬೆಂಚಲ್ಲಿ ಕೂತು ಒಂದೇ ಮಾರ್ಕ್ಸ್ ತೆಗೆದರೆ ಹೊಟ್ಟೆಯುರಿ ಬರದೇ ಇರುತ್ತಾ? ಬರುತ್ತೆ, ಆಮೇಲೆ ಮಾತಾಗಿ ಹೊರಗೆ ಬೀಳುತ್ತೆ.

ಎಸ್‌ಸಿ, ಎಸ್‌ಟಿ ಮಕ್ಕಳನ್ನು ಜಾತಿ ಹಿಡಿದು ನಾಲ್ಕು ಜನರ ಮುಂದೆ ಬೈದರೆ 1989ರ ದೌರ್ಜನ್ಯ ತಡೆ ಕಾಯ್ದೆ ಇದೆ, ಅಂಗವಿಕಲರನ್ನು ಹಾಗೆ ಹೀಯಾಳಿಸಿದರೆ 2016ರ ಕಾಯ್ದೆಯಲ್ಲಿ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲಿದೆ. ಇದನ್ನೆಲ್ಲ ಹೇಳಿ ನೋಡಿದ್ದಾಯ್ತು. ಹದಿನೇಳರ ಹುಡುಗ ಕಾಯ್ದೆ ನೆನೆದು ಬಾಯಿ ಬಿಗಿ ಹಿಡಿಯೋದು ಹೆಚ್ಚೆಂದರೆ ಒಂದು ವಾರ.

ಮೊದಲು ಮಾಡಿದ್ದು ದಂಡದ ಡಬ್ಬಿ. ಒಂದು ಪದಕ್ಕೆ ಹತ್ತು ರೂಪಾಯಿ. ಎರಡು ತಿಂಗಳಲ್ಲಿ ಸಾವಿರದ ನಾನೂರು ಚಿಲ್ಲರೆ ಕೂಡಿತು. ಆದರೆ ದುಡ್ಡಿರುವ ಮನೆಯ ಹುಡುಗರು ಐವತ್ತರ ನೋಟು ಹಾಕಿ "ಸಾರ್, ಐದು ಅಡ್ವಾನ್ಸ್" ಅಂತ ಶುರು ಮಾಡಿದರು. ಬಡವರ ಮಕ್ಕಳು ಮಾತ್ರ ಬಾಯಿ ಮುಚ್ಚಿಕೊಂಡು ಬೈಸಿಕೊಂಡರು. ಕೊನೆಗೆ ಆ ದುಡ್ಡಲ್ಲಿ ಬಿರಿಯಾನಿ ತರಿಸಿ ಅಂತ ಅರ್ಜಿ ಬಂತು, ಸಹಿಗಳ ಸಮೇತ.

ಆಮೇಲೆ "ಬಳಸಬಾರದ ಪದಗಳು" ಅಂತ ಪಟ್ಟಿ ಮಾಡಿ ಹಾಸ್ಟೆಲ್ ಬೋರ್ಡಿಗೆ ಅಂಟಿಸಿದೆವು. ಮರುದಿನ ಬೆಳಗ್ಗೆ ನೋಡಿದರೆ ಕೆಳಗೆ ಪೆನ್ನಲ್ಲಿ ಇನ್ನೂ ಹತ್ತು ಪದ ಸೇರಿದ್ದವು, ಅದರಲ್ಲಿ ಮೂರು ನನಗೇ ಗೊತ್ತಿರಲಿಲ್ಲ. ಫಸ್ಟ್ ಪಿಯು ಹುಡುಗರು ನಿಂತು ಶ್ರದ್ಧೆಯಿಂದ ಓದುತ್ತಿದ್ದರು.

ಮನೆಯವರಿಗೆ ಫೋನ್ ಮಾಡುವುದು ಮೂರನೆಯದು. ಒಬ್ಬರ ಅಪ್ಪ ಪೂರ್ತಿ ಕೇಳಿಸಿಕೊಂಡು, "ಏನು ಸಾರ್, ಆ ಬೋ... ಮಗ ಹಿಂಗೆಲ್ಲಾ ಮಾತಾಡ್ತಾನಾ? ಬರ್ತೀನಿ ತಾಳಿ" ಅಂದರು. ಅಲ್ಲಿಗೆ ಫೋನ್ ಮಾಡೋದು ನಿಲ್ಲಿಸಿದೆ. ಮ್ಯಾನೇಜ್‌ಮೆಂಟಿನವರು ಬೆಂಗಳೂರಿಂದ ಒಬ್ಬ ಕೌನ್ಸೆಲರ್ ಅವರನ್ನೂ ಕರೆಸಿದರು. ಆರು ಸಾವಿರ ಫೀಸು, ಕಾರಿನ ಖರ್ಚು ಬೇರೆ. ಒಳ್ಳೆಯ ಮನುಷ್ಯ, ಒಳ್ಳೆಯ ಭಾಷಣ. ರಾತ್ರಿ ಮೆಸ್ಸಿನಲ್ಲಿ ಹುಡುಗರು ಅವರ ಧ್ವನಿಯನ್ನೇ ಅಣಕಿಸಿ ಬೈದುಕೊಂಡರು.

ಇಷ್ಟೆಲ್ಲ ಆದ ಮೇಲೆ ನಾನು ಸುಮ್ನೆ ನಿಂತು ಎಣಿಸೋಕೆ ಶುರು ಮಾಡಿದೆ. ಕೈಯಲ್ಲಿ ಡೈರಿ, ನಾನು ಹೇಳಿದ ಆ ಎರಡು ಥರದ ಮಾತು ಕಿವಿಗೆ ಬಿದ್ದರೆ ಒಂದು ಗೆರೆ. ನಮ್ಮಲ್ಲಿ ಭಾನುವಾರ ಟೆಸ್ಟ್, ಸೋಮವಾರ ರಾತ್ರಿ ಊಟದ ಹೊತ್ತಿಗೆ ಮೆಸ್ ಬಾಗಿಲಲ್ಲಿ ರ‍್ಯಾಂಕ್ ಲಿಸ್ಟ್. ಸೋಮವಾರ ಕಾಲು ಗಂಟೆಯಲ್ಲಿ ಐವತ್ತು, ಅರವತ್ತು ಗೆರೆ ಬೀಳುತ್ತಿದ್ದವು. ಭಾನುವಾರ ಮಧ್ಯಾಹ್ನ ಅದೇ ಹುಡುಗರು ಪೇಪರ್ ಬರೆದು ಹೊರಗೆ ಬಂದಾಗ ಹತ್ತೋ ಹನ್ನೆರಡೋ. ಯಾಕೆ ಅಂತ ನೋಡಿದರೆ, ಭಾನುವಾರ ಅವರು ಪ್ರಶ್ನೆಗಳ ಬಗ್ಗೆ ಕಿತ್ತಾಡುತ್ತಾರೆ. "ಆ ಲೆನ್ಸ್ ಲೆಕ್ಕಕ್ಕೆ ಮೈನಸ್ ಬರುತ್ತಾ ಪ್ಲಸ್ ಬರುತ್ತಾ?" ಸೋಮವಾರ ಕೈಗೆ ಒಂದು ನಂಬರ್ ಬರುತ್ತೆ, ಅಷ್ಟೇ. 312. 455. ಆ ನಂಬರಿನ ಬಗ್ಗೆ ಮಾತಾಡೋಕೆ ಅವರ ಹತ್ತಿರ ಏನೂ ಇಲ್ಲ. ಪಕ್ಕದವನ ಬಗ್ಗೆ ಮಾತ್ರ ಮಾತಾಡಬಹುದು.

ಹಾಗಾಗಿ ನಂಬರನ್ನೇ ತಡವಾಗಿ ಕೊಡೋಣ ಅಂದುಕೊಂಡೆ. ಲಿಸ್ಟ್ ಅಂಟಿಸೋದು ಬಂದ್. ಸೋಮವಾರ ಸಂಜೆ ಸ್ಟಡಿ ಅವರ್‌ನಲ್ಲಿ ಪ್ರತಿಯೊಬ್ಬನಿಗೂ ಅವನ ಓಎಂಆರ್ (ಉತ್ತರಕ್ಕೆ ವೃತ್ತ ತುಂಬುವ ಹಾಳೆ) ಜೆರಾಕ್ಸ್, ಕೀ ಉತ್ತರ, ಜೊತೆಗೆ ಒಂದು ಚೀಟಿ. ಟೋಟಲ್ ಇಲ್ಲ. ತಪ್ಪಾದ ಪ್ರತಿ ಪ್ರಶ್ನೆಯ ಮುಂದೆ ಒಂದು ಅಕ್ಷರ ಬರೀಬೇಕು. "ಗೊ" ಅಂದರೆ ಗೊತ್ತಿರಲಿಲ್ಲ. "ಓ" ಅಂದರೆ ಪ್ರಶ್ನೆ ಓದಿದ್ದೇ ತಪ್ಪು. "ಲೆ" ಅಂದರೆ ಲೆಕ್ಕ ಕೈಕೊಟ್ಟಿತು. "ಜೂ" ಅಂದರೆ ಜೂಜು, ಕಣ್ಣು ಮುಚ್ಚಿ ಗುಂಡು ಹೊಡೆದಿದ್ದು. ಕೊನೆಗೆ ಒಂದೊಂದು ಅಕ್ಷರದಲ್ಲಿ ಎಷ್ಟು ಹೋಯ್ತು ಅಂತ ಕೂಡಿಸಿ, ಆಮೇಲೆ ತನ್ನ ಟೋಟಲ್ ತಾನೇ ಹಾಕಿಕೊಳ್ಳಬೇಕು. ಚೀಟಿಯಲ್ಲಿ ಐದನೇ ಕಾಲಂ ಒಂದಿದೆ. ಅದು ಏನು ಅಂತ ಇಲ್ಲಿ ಬರೆಯೋಲ್ಲ, ಪಕ್ಕದ ಬೀದಿಯ ಕಾಲೇಜಿನವರೂ ಓದುತ್ತಾರೆ!

ಒಂದು ಲೆಕ್ಕ ನೋಡಿ. ನೀಟ್ ಪೇಪರ್, 180 ಪ್ರಶ್ನೆ, ಸರಿಗೆ ನಾಲ್ಕು ಮಾರ್ಕು, ತಪ್ಪಿಗೆ ಒಂದು ಕಳೆಯುತ್ತೆ. ಒಬ್ಬನಿಗೆ 118 ಸರಿ, 46 ತಪ್ಪು, 16 ಬಿಟ್ಟಿದ್ದು. 472ರಲ್ಲಿ 46 ಹೋಗಿ 426. ಆ 46ರಲ್ಲಿ 17 ಜೂಜು. ಅಷ್ಟನ್ನು ಸುಮ್ಮನೆ ಬಿಟ್ಟಿದ್ದರೆ 443. ಇದನ್ನು ಅವನೇ ಕಂಡುಹಿಡಿದಾಗ ಮುಖ ನೋಡಬೇಕಿತ್ತು. ಅವತ್ತು ಮೆಸ್ಸಿನಲ್ಲಿ ಅವನ ಮಾತು "ಹದಿನೇಳು ಜೂಜು ಮಗಾ, ನಾನು ಇಸ್ಪೀಟ್ ಕ್ಲಬ್ಬಿಗೇ ಹೋಗಬಹುದಿತ್ತು." ಪಕ್ಕದವನು "ನಂದು ಲೆ ಜಾಸ್ತಿ ಕಣೋ, ಗುಣಾಕಾರ ಬರಲ್ಲ ನಂಗೆ" ಅಂದ. ನಾನು ಡೈರಿ ಹಿಡಿದು ನಿಂತಿದ್ದೆ. ಗೆರೆ ಎಳೆಯೋಕೆ ಕೆಲಸವೇ ಕಡಿಮೆ.

ಮೊದಲೆರಡು ವಾರ ಹೀಗಿರಲಿಲ್ಲ ಅನ್ನಿ. ಬೇಗ ಮುಗಿಸೋಕೆ ಎಲ್ಲದಕ್ಕೂ "ಗೊ" ಬರೆದು ಕೊಟ್ಟರು. ಅದಕ್ಕೆ ಇಬ್ಬಿಬ್ಬರನ್ನು ಜೋಡಿ ಮಾಡಿ ಚೀಟಿ ಅದಲುಬದಲು ಮಾಡಿಸಿದೆ. ಜೊತೆಯವನು "ಇದು ಗೊ ಅಲ್ಲ, ಮೊನ್ನೆ ನೀನೇ ನನಗೆ ಹೇಳಿಕೊಟ್ಟಿದ್ದೆ" ಅಂತ ಹಿಡಿಯುತ್ತಾನೆ. ಜೋಡಿ ಮಾಡೋದು ರ‍್ಯಾಂಕ್ ನೋಡಿ ಅಲ್ಲ, ಅಕ್ಷರ ನೋಡಿ. "ಜೂ" ಜಾಸ್ತಿ ಇರುವವನ ಪಕ್ಕ "ಲೆ" ಜಾಸ್ತಿ ಇರುವವನು. ಯಾವ ಇಬ್ಬರನ್ನು ಮಾತ್ರ ಯಾವತ್ತೂ ಸೇರಿಸಬಾರದು ಅನ್ನೋದು ನನ್ನ ಗುಟ್ಟು, ಅದಕ್ಕೆ ಅರ್ಧ ವರ್ಷ ಹೋಯ್ತು.

ಇನ್ನು ಕೆಟಗರಿ ಮಾತು. ಇದಕ್ಕೆ ಒಂದು ಪೈಸೆ ಖರ್ಚಾಗಲಿಲ್ಲ, ಆದರೆ ಜಗಳ ಆಗಿದ್ದು ಇದಕ್ಕೇ. ನಮ್ಮ ಆಫೀಸಿನವರು ತೆಗೆಯುತ್ತಿದ್ದ ರ‍್ಯಾಂಕ್ ಲಿಸ್ಟಿನಲ್ಲಿ ಹೆಸರು, ಮಾರ್ಕ್ಸ್, ಪಕ್ಕದಲ್ಲಿ ಕೆಟಗರಿ ಕಾಲಂ, ಅಂದರೆ ಮೀಸಲಾತಿಯ ಕೋಡು. ಜಿಎಂ, 2ಎಜಿ, 3ಬಿಆರ್, ಎಸ್‌ಸಿಜಿ. ಸೀಟು ಸಿಗುತ್ತೋ ಇಲ್ವೋ ಅಂತ ಅಂದಾಜು ಮಾಡೋಕೆ ಬೇಕು ಸಾರ್ ಅಂತ ಅವರ ವಾದ. ಯಾವ ಹುಡುಗ ಯಾರು ಅಂತ ಎಲ್ಲರಿಗೂ ಪ್ರತಿ ಸೋಮವಾರ ನಾವೇ ಓದಿಸುತ್ತಿದ್ದೆವು, ಆಮೇಲೆ ಯಾಕೋ ಜಾತಿ ಎತ್ತುತ್ತೀಯಾ ಅಂತ ಅವರಿಗೇ ಬೈಯುತ್ತಿದ್ದೆವು. ಎಕ್ಸೆಲ್‌ನಲ್ಲಿ ಆ ಕಾಲಂ ಹೈಡ್ ಮಾಡೋಕೆ ಒಂದು ಕ್ಲಿಕ್ ಸಾಕು. ಒಪ್ಪಿಸೋಕೆ ನನಗೆ ಮೂರು ತಿಂಗಳು ಹಿಡಿಯಿತು. ಸೀಟಿನ ಅಂದಾಜು ಬೇಕಾದವರು ಈಗ ಒಬ್ಬೊಬ್ಬರೇ ಬಂದು ಕೇಳುತ್ತಾರೆ, ಬಾಗಿಲು ಹಾಕಿಕೊಂಡು ಹೇಳುತ್ತೇನೆ.

ಮ್ಯಾನೇಜ್‌ಮೆಂಟ್ ಕೊನೆಗೆ ಒಪ್ಪಿದ್ದು ನನ್ನ ಡೈರಿ ನೋಡಿ ಅಲ್ಲ. ಹುಡುಗಿಯರ ಹಾಜರಿ ನೋಡಿ. ಸೋಮವಾರ ರಾತ್ರಿಯ ಡೌಟ್ ಕ್ಲಾಸಿಗೆ ಆರೇಳು ಹುಡುಗಿಯರು ಬಂದರೆ ಹೆಚ್ಚಾಗಿತ್ತು. ಲೇಡೀಸ್ ಹಾಸ್ಟೆಲ್ ದೂರ, ಅದಕ್ಕೇ ಬರಲ್ಲ ಅಂತ ಎಲ್ಲರೂ ಹೇಳುತ್ತಿದ್ದರು. ಬಯಾಲಜಿ ಮೇಡಂ ಒಂದು ದಿನ ಕೂರಿಸಿಕೊಂಡು ಕೇಳಿದಾಗ, "ಹಿಂದಿನ ಬೆಂಚಲ್ಲಿ ಆ ರೇಪ್ ರೇಪ್ ಅಂತ ಕೇಳೋಕೆ ಆಗಲ್ಲ ಮ್ಯಾಮ್" ಅಂದರಂತೆ. ಚೀಟಿ ಶುರುವಾಗಿ ಎರಡು ಮೂರು ತಿಂಗಳಿಗೆ ಇಪ್ಪತ್ತರ ಹತ್ತಿರ ಬಂದರು. ಬಸ್ ಬಿಡಿ ಅಂತ ಕೇಳಿದರು. ಹಾಜರಿ ಪುಸ್ತಕ ತಗೊಂಡು ಹೋಗಿ ತೋರಿಸಿದೆ, ಮಾತು ಮುಗಿಯಿತು.

ಖರ್ಚಿನ ವಿಷಯ. ಒಬ್ಬನಿಗೆ ಎರಡು ಹಾಳೆ ಅಂದರೂ ವಾರಕ್ಕೆ ಮುನ್ನೂರ ಇಪ್ಪತ್ತು, ತಿಂಗಳಿಗೆ ಸಾವಿರದ ಮುನ್ನೂರರ ಹತ್ತಿರ. ಮೊದಲ ನಾಲ್ಕೈದು ತಿಂಗಳು ನನ್ನ ಜೇಬಿಂದಲೇ. ಮನೆಯಲ್ಲಿ ನಮ್ಮವಳು ಕೇಳಿದ್ದು ಒಂದೇ ಪ್ರಶ್ನೆ, "ಅವರು ಬೈಕೊಂಡ್ರೆ ನಿಮಗೇನ್ರೀ?" ಆಮೇಲೆ ಗೇಟಿನ ಮುಂದಿನ ತಿಂಗಳ ಟಾಪರ್ ಫ್ಲೆಕ್ಸ್ ನಿಲ್ಲಿಸಿ, ಆ ಒಂದೂವರೆ ಸಾವಿರ ಇದಕ್ಕೆ ಕೊಡಿ ಅಂದೆ. ಅಡ್ಮಿಷನ್ ಬೀಳುತ್ತೆ ಅಂತ ಹೆದರಿದರು. ಬೀಳಲಿಲ್ಲ. ವರ್ಷಕ್ಕೊಂದು ಫ್ಲೆಕ್ಸ್ ಈಗಲೂ ಹಾಕುತ್ತಾರೆ, ಅದನ್ನು ತೆಗೆಸೋಕೆ ನನ್ನಿಂದ ಆಗಿಲ್ಲ.

ನಡುವೆ ಏನೇನೋ ಮಾಡಿದ್ದೆ. ರಿಸಲ್ಟನ್ನು ಬೆಳಗ್ಗೆ ಐದೂವರೆಗೆ ಕೊಟ್ಟು ನೋಡಿದೆ. ನಿದ್ದೆಗಣ್ಣಲ್ಲಿ ಯಾರೂ ಬೈಯೋಲ್ಲ, ನಿಜ. ಎಂಟಕ್ಕೆ ಉಪ್ಪಿಟ್ಟಿನ ಜೊತೆ ಎಲ್ಲ ಬಂತು. ಮೊಬೈಲ್ ಕ್ಯಾಮೆರಾದಲ್ಲೇ ಓಎಂಆರ್ ಓದುವ ಆ್ಯಪ್ ತಂದೆ, ಜೆರಾಕ್ಸ್ ಉಳಿಯುತ್ತೆ ಅಂತ. ಅದು ಟೋಟಲ್ಲನ್ನೇ ಮೊದಲು ದೊಡ್ಡದಾಗಿ ತೋರಿಸುತ್ತಿತ್ತು, ಇಡೀ ಆಟ ಕೆಟ್ಟಿತು, ತೆಗೆದು ಹಾಕಿದೆ. ಸಿಇಟಿ ಮಾಕ್‌ಗೆ ಇದೇ ಚೀಟಿ ಕೊಟ್ಟಾಗ ಇನ್ನೊಂದು ತಮಾಷೆ. ಅಲ್ಲಿ ಒಂದು ಸಬ್ಜೆಕ್ಟಿಗೆ 60 ಪ್ರಶ್ನೆ, ಒಂದಕ್ಕೆ ಒಂದು ಮಾರ್ಕು, ನೆಗೆಟಿವ್ ಇಲ್ಲ. ಜೂಜು ಆಡದವನೇ ಪೆದ್ದ. ಸರಿ ಬಂದ ಉತ್ತರಕ್ಕೂ "ಜೂ" ಹಾಕಿ ಅಂದೆ. ಕ್ಲಾಸಿಗೇ ಮೊದಲಿದ್ದವನ ಚೀಟಿಯಲ್ಲಿ ಹನ್ನೊಂದು ಜೂ ಸಿಕ್ಕವು. ಅವನು ಆಮೇಲೆ ಯಾರನ್ನೂ "ವೇಸ್ಟ್ ಬಾಡಿ" ಅಂದಿದ್ದು ನಾನು ಕೇಳಿಲ್ಲ.

ಸೀನಿಯರ್‌ಗಳ ಕಾಟ ಬೇರೆ ಇತ್ತು. 2024ರ ನೀಟ್ ಬರೆದವರು ಬಂದು "450 ಅಂದ್ರೆ ಸಾಯಿ ಹೋಗು" ಅಂತ ಹೇಳಿ ಹೋಗುತ್ತಿದ್ದರು. ಆ ವರ್ಷ ಮೊದಲ ರಿಸಲ್ಟಿನಲ್ಲಿ 67 ಜನರಿಗೆ 720ಕ್ಕೆ 720 ಬಂದಿತ್ತಲ್ವಾ, ಅವರ ಅಳತೆ ಅದು. 2025ರಲ್ಲಿ ದೇಶಕ್ಕೇ ಮೊದಲು ಬಂದವನಿಗೆ 686. ಆ ಎರಡು ನಂಬರ್ ಬೋರ್ಡಿನ ಮೂಲೆಯಲ್ಲಿ ಬರೆದು ಹಾಗೇ ಬಿಟ್ಟೆ. ಸೀನಿಯರ್‌ಗಳ ಉಪದೇಶ ತಾನೇ ಕಡಿಮೆಯಾಯಿತು.

ಪೂರ್ತಿ ನಿಂತಿದೆಯಾ ಅಂದರೆ ಇಲ್ಲ. ಸೋಮವಾರದ ಗೆರೆ ಈಗ ಎಂಟು, ಹತ್ತು. ಟೆಸ್ಟ್ ತೀರಾ ಕೆಟ್ಟರೆ ಹದಿನೈದು. ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಸೀಟು ಹಂಚುವ ಹೊತ್ತಿಗೆ ಕೆಟಗರಿ ಮಾತು ಮತ್ತೆ ಏಳುತ್ತೆ, ಪಿಸುಮಾತಲ್ಲಿ. ನನ್ನ ಕೈಗೆ ಸಿಗದೇ ಇರೋದು ನೀಟ್ ಕೀ ಉತ್ತರ ಬರುವ ದಿನ. ಹುಡುಗರು ಅವರವರ ಮನೆಯಲ್ಲಿರುತ್ತಾರೆ, ಕೈಯಲ್ಲಿ ಮೊಬೈಲ್, ಬರೀ ಟೋಟಲ್. 2025ರ ಮೇ 4ರ ಫಿಜಿಕ್ಸ್ ಪೇಪರ್ ಎಷ್ಟು ಕಷ್ಟ ಇತ್ತು ಅಂತ ನಿಮಗೇ ಗೊತ್ತು. ಮೆಸ್ಸಿನಲ್ಲಿ ಅಪರೂಪವಾಗಿದ್ದ ಆ "ರೇಪ್" ಪದ ಆಗ ಗ್ರೂಪಿನಲ್ಲಿ ಸಾಲಾಗಿ ಬಂತು, ಕೆಲವರು ನನಗೇ ನೇರವಾಗಿ ಕಳಿಸಿದ್ದರು. ಈ ಸಲ ಹಾಸ್ಟೆಲ್ ಖಾಲಿ ಮಾಡುವಾಗಲೇ ಪ್ರತಿಯೊಬ್ಬನ ಬ್ಯಾಗಿಗೆ ಒಂದು ಖಾಲಿ ಚೀಟಿ ಹಾಕಿ ಕಳಿಸಬೇಕು ಅಂತಿದ್ದೇನೆ. ಪ್ರಿಂಟ್ ದುಡ್ಡಿಗೆ ಮ್ಯಾನೇಜ್‌ಮೆಂಟ್ ಇನ್ನೂ ಹ್ಞೂಂ ಅಂದಿಲ್ಲ.